ಡಿಯು 2.1 ಜಿಬಿ ಅಂತೈತಿ, ಕ್ವೋಟಾ 4.2 ಅಂತೈತಿ: ಯಾವುದನ್ನ ನಂಬೂದ್ರೀ?

ಪ್ರಶ್ನೆ, ಧಾರವಾಡದಿಂದ:
ನಮಸ್ಕಾರ್ರೀ. ಸಪ್ತಾಪುರದ ಹತ್ರ ಒಂದು ಕಾಲೇಜಿನ ಲ್ಯಾಬ್ ನೋಡ್ಕೋತೀನಿ. ಹುಡುಗರ ಹೋಮ್ (ಅವರವರ ಫೈಲ್ ಇಡೂ ಫೋಲ್ಡರ್) ಎಲ್ಲಾ ಒಂದ ಲಿನಕ್ಸ್ ಸರ್ವರಿನ್ಯಾಗ ಅದಾವು, ಫೈಲ್ ಸಿಸ್ಟಮ್ ಇಎಕ್ಸ್‌ಟಿ4. ಒಬ್ಬೊಬ್ಬರಿಗೆ ಇಷ್ಟ ಜಾಗ ಅಂತ ಕ್ವೋಟಾ ಐತಿ: ಸಾಫ್ಟ್ ಲಿಮಿಟ್ (ಸ್ವಲ್ಪ ದಿನ ದಾಟಬಹುದಾದ ಮಿತಿ) 4 ಜಿಬಿ, ಹಾರ್ಡ್ (ದಾಟಾಕ ಬರದ ಮಿತಿ) 5. ಇವತ್ತ ಮುಂಜಾನೆ ಕಡೇ ಸೆಮಿಸ್ಟರಿನ ಹುಡುಗಿ ಒಬ್ಬಾಕಿ ಅಳಕೋತ ಬಂದ್ಲು. ಪ್ರಾಜೆಕ್ಟ್ ರಿಪೋರ್ಟ್ ಸೇವ್ ಮಾಡಿದ್ರ ‘ಡಿಸ್ಕ್ ಕ್ವೋಟಾ ಎಕ್ಸೀಡೆಡ್’, ಫೈಲ್ ನೋಡಿದ್ರ ಸೊನ್ನೆ ಬೈಟ್. ನಾಡದ ಸಬ್ಮಿಷನ್. ಎಡಿಟರ್ ಮುಚ್ಚಬ್ಯಾಡವಾ ಅಂತ ಹೇಳಿ ಕುಂದರ್ಸೀನಿ.

ಡಿಸ್ಕ್ 38% ಅಷ್ಟ ತುಂಬೈತಿ. ಫೋಲ್ಡರಿನ ಗಾತ್ರ ಎಣಸೂ ಡಿಯು ಕಮಾಂಡ್ ಆಕಿ ಹೋಮಿಗೆ 2.1 ಜಿಬಿ ಅಂತೈತಿ. ಕ್ವೋಟಾ ಕಮಾಂಡ್ ಮಾತ್ರ 4.2 ಅಂತೈತಿ, ಬಾಜೂಕ ನಕ್ಷತ್ರದ ಗುರುತು, ಗ್ರೇಸ್ (ಗಡುವು) ಕಾಲಮ್ಮಿನ್ಯಾಗ ‘ನನ್’ (ಏನೂ ಇಲ್ಲ). 5 ದಾಟೇ ಇಲ್ಲ, ಯಾಕ ತಡೀತೈತಿ? ಲೆಕ್ಕ ಮೊದಲಿಂದ ಎಣಸೂ ಕ್ವೋಟಾಚೆಕ್ ಓಡಿಸ್ಲೇನು?

ಉತ್ತರ, ಹುಬ್ಬಳ್ಳಿಯಿಂದ:
ಕ್ವೋಟಾಚೆಕ್‌ಗೆ ಈಗ ಕೈ ಹಚ್ಚಬ್ಯಾಡ್ರಿ. ಕ್ವೋಟಾ ಚಾಲೂ ಇದ್ದು ಹುಡುಗರು ಬರಕೋತಿದ್ರ ಲೆಕ್ಕ ಇನ್ನಷ್ಟು ಕೆಡತೈತಿ. ಸಾಫ್ಟ್ ದಾಟಿದ ಮ್ಯಾಲೆ ಸಿಗೂ ಗ್ರೇಸ್, ನೀವು ಬದಲಿಸಿರದಿದ್ರ 7 ದಿನ. ಅದು ಮುಗೀತಂದ್ರ ಸಾಫ್ಟ್ ಲಿಮಿಟ್ಟ ಗ್ವಾಡಿ ಆಗಿ ನಿಲ್ಲತೈತಿ, 5ರ ತನಕ ಕಾಯಂಗಿಲ್ಲ. ನಕ್ಷತ್ರದ ಜೋಡಿ ‘ನನ್’ ಅಂದ್ರ ದಿನ ಮುಗದಾವು. ಮಿತಿ ತಿದ್ದೂ ಎಡ್‌ಕ್ವೋಟಾ ಕಮಾಂಡಿಗೆ ದೊಡ್ಡ ಟಿ (-T) ಹಚ್ಚಿ ಆಕಿಗೊಬ್ಬಾಕಿಗೆ ಎರಡು ದಿನ ಕೊಡ್ರಿ. ಮೊದ್ಲ ಆಕಿ ಕೆಲಸ ಉಳೀಲಿ.

ಉತ್ತರ, ಗದಗದಿಂದ:
2.1ರ ಎರಡು ಪಟ್ಟು 4.2. ಬ್ಯಾಕಪ್ ಏನರ ಅಲ್ಲೇ ಬಿಚ್ಚಿಟ್ಟೀರೇನು? ಡಿಯು ನೀವು ತೋರಿಸಿದ ಫೋಲ್ಡರ್ ಅಷ್ಟ ಎಣಸತೈತಿ. ಕ್ವೋಟಾ ಫೋಲ್ಡರ್ ನೋಡಂಗಿಲ್ಲ, ಫೈಲಿನ ಮಾಲೀಕರನ್ನ ನೋಡತೈತಿ. ಹೊಲ ಯಾರರ ಉಳಲಿ, ಉತಾರದಾಗ ಹೆಸರು ಯಾರದೈತಿ ಅವರ ಲೆಕ್ಕಕ್ಕ. ಫೈಂಡ್ ಕಮಾಂಡಿಗೆ -ಎಕ್ಸ್‌ಡೆವ್ (ಅದ ಡಿಸ್ಕಿನ್ಯಾಗಷ್ಟ), -ಯೂಸರ್ (ಆಕಿ ಹೆಸರಿನವು) ಕೊಟ್ಟು /ಹೋಮ್ ಪೂರ್ತಿ ಹುಡುಕ್ರಿ.

ಪ್ರಶ್ನೆ ಕೇಳಿದವರು:
ಸಿಕ್ತ್ರೀ! ಎರಡು ವಾರದ ಹಿಂದ ಕರೆಂಟ್ ಹೋಗಿ ಬಂದಾಗ ಡಿಸ್ಕಿನ ಮ್ಯಾಲೆ ಸಂಶಯ ಬಂದು ನಾನs ಬ್ಯಾಕಪ್ಪಿನ ಟಾರ್ (ಫೈಲ್ ಎಲ್ಲಾ ಕಟ್ಟಿಟ್ಟ ಗಂಟು) ಅನ್ನ /ಹೋಮ್/ಹಳೇದು ಅಂತ ಬಿಚ್ಚಿದ್ದೆ. ರೂಟ್ (ಸರ್ವರಿನ ಯಜಮಾನ ಖಾತೆ) ಆಗಿ ಬಿಚ್ಚಿದ್ರ ಟಾರ್ ಹಳೇ ಮಾಲೀಕರ ಹೆಸರು ಹಂಗ ಉಳಸತೈತಿ. ಎಲ್ಲರ ಲೆಕ್ಕ ತೋರ್ಸೂ ರೆಪ್‌ಕ್ವೋಟಾ ನೋಡಿದ್ರ ಇನ್ನೂ 11 ಹುಡುಗರ ಮುಂದ ಅದ ನಕ್ಷತ್ರ, ಪಾಪ ಅವರು ಬಾಯಿ ಬಿಟ್ಟಿದ್ದಿಲ್ಲ.

ಮೂಲ ಟಾರ್ ಬ್ಯಾರೆ ಡಿಸ್ಕಿನ್ಯಾಗ ಸರಿ ಐತಿ ಅಂತ ನೋಡಿ ‘ಹಳೇದು’ ಅಳಿಸಿದೆ. ಕ್ವೋಟಾ 2.1ಕ್ಕ ಇಳೀತು, ನಕ್ಷತ್ರ ತಾನಾಗೇ ಹೋತು. ಆಕಿ ಎಡಿಟರ್ ಮುಚ್ಚಿದ್ದಿಲ್ಲ. ಮತ್ತ ಸೇವ್ ಒತ್ತಿದ್ಲು, ರಿಪೋರ್ಟ್ ಪೂರ್ತಿ ಕುಂತೈತಿ. ಉಳಿದ 11 ಮಂದಿನ್ನ ಸಂಜೀಕ ಲ್ಯಾಬಿಗೆ ಕರದೀನಿ, ಯಾರ ಫೈಲ್ ಸೊನ್ನೆ ಆಗ್ಯಾವು ಒಂದೊಂದ ನೋಡಬೇಕು.