ಅಪ್‌ಡೇಟ್: ಮಾಲ್ಟೀಸ್ ಭಾಷೆಯ 'ನನ್ನು' ಎಲ್ಲಿಂದ ಬಂತು?

ಮಾಲ್ಟಾದಲ್ಲಿರುವ ನನ್ನ ತಂಗಿ ಅಲ್ಲಿಯ ಗೆಳತಿಯ ಅಜ್ಜನಿಗೆ ಕಾರ್ಡ್ ಬರೆಯಬೇಕಿತ್ತು. ಮಾಲ್ಟೀಸ್‌ನಲ್ಲಿ ಅಜ್ಜನಿಗೆ ಏನು ಅನ್ನುತ್ತಾರೆ, ಅದು ಅರಬ್ಬಿ ಪದವಾ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಉತ್ತರ ಸಿಕ್ಕಿದೆ.

ಅಜ್ಜ ಅಂದರೆ 'ನನ್ನು', ಅಜ್ಜಿ ಅಂದರೆ 'ನನ್ನ'. ಅರಬ್ಬಿಯ 'ಜದ್ದ್' ಇರಬಹುದು ಅಂದವರ ಸಲಹೆ ಕೆಲಸಕ್ಕೆ ಬರಲಿಲ್ಲ. ಅದರ ನೆಂಟ 'ಜೆದ್ದ್' ಮಾಲ್ಟೀಸ್‌ನಲ್ಲಿ ಇದೆ, ಆದರೆ ಈಗ ಅದಕ್ಕೆ ಪೂರ್ವಜ ಅನ್ನೋ ಅರ್ಥ. ಕಾರ್ಡಿನಲ್ಲಿ ಹಾಕಿದ್ದರೆ ಪಾಪ, ಅಜ್ಜ ಏನಂದುಕೊಳ್ಳುತ್ತಿದ್ದರೋ! ಇಟಾಲಿಯನ್ 'ನೊನ್ನೊ' ಅಂದವರು ಹತ್ತಿರ ಬಂದಿದ್ದರು. ಸರಿಯಾಗಿ ಹೇಳಿದ್ದು ಸಿಸಿಲಿಯನ್ (ಮಾಲ್ಟಾ ಹತ್ತಿರದ ಇಟಲಿಯ ದ್ವೀಪ ಸಿಸಿಲಿಯ ಭಾಷೆ) ನೋಡಿ ಅಂದವರು. ಅಲ್ಲೂ ಅಜ್ಜ 'ನನ್ನು', ಅಜ್ಜಿ 'ನನ್ನ'. ಇಟಾಲಿಯನ್‌ನಲ್ಲಿ ಪದದ ಕೊನೆಗೆ ಬರುವ 'ಒ' ಸಿಸಿಲಿಯನ್‌ನಲ್ಲಿ 'ಉ' ಆಗುತ್ತದೆ.

ಮಾಲ್ಟೀಸ್ ಬುಡದಲ್ಲಿ ಅರಬ್ಬಿಯೇ. 1091ರಲ್ಲಿ ಸಿಸಿಲಿಯ ನಾರ್ಮನ್ನರು (ಉತ್ತರ ಫ್ರಾನ್ಸ್ ಮೂಲದವರು) ಮಾಲ್ಟಾಕ್ಕೆ ಬಂದ ಮೇಲೆ ಸಿಸಿಲಿಯನ್ ಪದಗಳು ನಿಧಾನವಾಗಿ ಸೇರಿದವು. ನನಗೆ ಜಾಸ್ತಿ ಆಶ್ಚರ್ಯವಾಗಿದ್ದು ಇದು: ತಾಯಿಗೆ ಅರಬ್ಬಿ ಮೂಲದ 'ಒಮ್ಮ್' ಉಳಿದಿದೆ, ತಂದೆಗೆ ಮಾತ್ರ ಸಿಸಿಲಿ ಕಡೆಯಿಂದ ಬಂದ 'ಮಿಸ್ಸೀರ್'. ಒಂದೇ ಮನೆಯಲ್ಲಿ ಎರಡು ಭಾಷೆ, ಅಲ್ವಾ?

ಇನ್ನೊಂದು ತಮಾಷೆ. ನಮ್ಮ 'ನನ್ನ' ಅಲ್ಲಿ ಅಜ್ಜಿ! ತೆಲುಗಿನ 'ನಾನ್ನ' ಅಪ್ಪ. ಸಂಬಂಧವೇನೂ ಇಲ್ಲ, ಸುಮ್ನೆ ಕಾಕತಾಳೀಯ. ತಂಗಿ ಮಾತ್ರ ಫೋನಿನಲ್ಲಿ "ನನ್ನ ನನ್ನು" ಅಂತ ಹೇಳಿ ಹೇಳಿ ನಗುತ್ತಿದ್ದಳು. ಕಾರ್ಡ್ ತಲುಪಿದೆ.