ಪಿಯುಸಿಯಲ್ಲಿ 86%, ಡಿಗ್ರಿಯ ಮೊದಲ ಇಂಟರ್ನಲ್‌ನಲ್ಲಿ 20ಕ್ಕೆ 9. ಎಲ್ಲಿ ಎಡವುತ್ತಿದ್ದೇನೆ?

ಕೊಡಚಾದ್ರಿ ಬುಡದವಳು:

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರದ ಕಡೆಯವಳು. ಈಗ ಶಿವಮೊಗ್ಗದಲ್ಲಿ ಬಿ.ಎಸ್ಸಿ ಮೊದಲ ಸೆಮಿಸ್ಟರ್, ಹಾಸ್ಟೆಲ್‌ನಲ್ಲಿ ಇದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ 86% ಬಂದಿತ್ತು, ಮನೆಯಲ್ಲಿ ಎಲ್ಲರಿಗೂ ಅದೇ ಧೈರ್ಯ. ಮೊನ್ನೆ ಕೆಮಿಸ್ಟ್ರಿ ಇಂಟರ್ನಲ್ ಪೇಪರ್ ಕೊಟ್ಟರು, 20ಕ್ಕೆ 9. ನಾನು ಓದಲೇ ಇಲ್ಲ ಅಂತಲ್ಲ, ಹಿಂದಿನ ಮೂರು ದಿನ ರಾತ್ರಿ ಹನ್ನೆರಡರವರೆಗೆ ಕೂತು ನೋಟ್ಸನ್ನು ನಾಲ್ಕು ಸಲ ಓದಿದ್ದೆ, ಮುಖ್ಯ ಅನ್ನಿಸಿದ್ದಕ್ಕೆಲ್ಲ ಹಳದಿ ಬಣ್ಣ ಬಳಿದು ಬಳಿದು ಈಗ ಪುಸ್ತಕವೇ ಅರಿಶಿನದ ಡಬ್ಬಿ ತರ ಆಗಿದೆ. ಓದುವಾಗ ಎಲ್ಲ ಗೊತ್ತಿತ್ತು. ಪ್ರಶ್ನೆ ಪತ್ರಿಕೆ ನೋಡಿದಾಗ ಕೈ ಓಡಲಿಲ್ಲ.

ಇನ್ನೊಂದು ತೊಂದರೆ ಇದೆ. ಈಗ ಕೊಯ್ಲಿನ ಸಮಯ. ಅಡಿಕೆ ಸುಲಿಯೋಕೆ ಜನ ಸಿಗಲ್ಲ, ಹಾಗಾಗಿ ಶುಕ್ರವಾರ ಸಂಜೆಯೇ ಊರಿಗೆ ಹೋಗುತ್ತೇನೆ. ಶನಿವಾರದ ಪ್ರಾಕ್ಟಿಕಲ್ ಎರಡು ಸಲ ತಪ್ಪಿದೆ. ಅಪ್ಪ ಬಾ ಅಂತ ಹೇಳಲ್ಲ, ಆದರೆ ಫೋನ್ ಮಾಡಿ "ನಿನ್ನೆ ಎರಡೇ ಗೊನೆ ಸುಲಿದಿದ್ದು" ಅಂತಾರೆ, ಅದಕ್ಕೆ ಏನು ಅರ್ಥ ಅಂತ ನಿಮಗೇ ಗೊತ್ತು. ಏನು ಮಾಡಲಿ?

ಬಿಆರ್‌ಪಿ ಬಸ್ಸಿನವ:

ತಂಗಿ, ನಿನ್ನ ಪೋಸ್ಟ್ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡ, ನನ್ನದೇ ಕಥೆ ಅನ್ನಿಸಿತು. ನಾನು ಈಗ ಶಂಕರಘಟ್ಟದಲ್ಲಿ ಎಂ.ಎಸ್ಸಿ ಮಾಡುತ್ತಿದ್ದೇನೆ. ಡಿಗ್ರಿ ಮೊದಲ ಸೆಮ್‌ನಲ್ಲಿ ಮ್ಯಾಥ್ಸ್ ಬ್ಯಾಕ್ ಇತ್ತು. ಮನೆಯಲ್ಲಿ ಇವತ್ತಿಗೂ ಗೊತ್ತಿಲ್ಲ.

ನಾಲ್ಕು ಸಲ ಓದಿದ್ದೇ ನಿನ್ನ ತಪ್ಪು. ಓದಿದ್ದನ್ನೇ ಮತ್ತೆ ಓದಿದರೆ ಕಣ್ಣಿಗೆ ಪರಿಚಯ ಆಗುತ್ತದೆ. ಮನಸ್ಸು ಆ ಪರಿಚಯವನ್ನೇ ತಿಳಿವಳಿಕೆ ಅಂದುಕೊಂಡು ಬಿಡುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕೆ ಅನ್ನೋ ಇಬ್ಬರು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಅಂದರೆ ಹಿಂದಿನ ರಾತ್ರಿ ನಿನಗೆ ಎಲ್ಲ ಬರುತ್ತದೆ ಅನ್ನಿಸಿದ್ದು ಸುಳ್ಳಲ್ಲ, ಅದು ಉಳಿಯಲಿಲ್ಲ ಅಷ್ಟೇ.

ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ದಿನಾ ಬಸ್ಸಿನಲ್ಲಿ ಶಿವಮೊಗ್ಗದಿಂದ ಓಡಾಟ. ಸಂಜೆ ಬಸ್ ಹತ್ತಿದ ಮೇಲೆ ನೋಟ್ಸ್ ತೆಗೆಯುತ್ತಿರಲಿಲ್ಲ. ಒಂದು ಹಳೆ ಡೈರಿ, ಒಂದು ಪೆನ್. ಬೆಳಗಿನ ಕ್ಲಾಸಲ್ಲಿ ಏನು ಹೇಳಿದರು ಅಂತ ನೆನಪಿನಿಂದ ಬರೆಯುವುದು. ಭದ್ರಾವತಿ ಹತ್ತಿರ ಬಸ್ ಕುಲುಕುವಾಗ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತಿತ್ತು, ಅದೆಲ್ಲ ಪರವಾಗಿಲ್ಲ. ಎಲ್ಲಿ ಖಾಲಿ ಬಿಟ್ಟೆನೋ ಅದನ್ನು ಮಾತ್ರ ರೂಮಿಗೆ ಬಂದು ಓದುತ್ತಿದ್ದೆ. ಮೊದಲ ವಾರ ಡೈರಿ ಪೂರ್ತಿ ಖಾಲಿ, ಮರ್ಯಾದೆ ಹೋಗುವಷ್ಟು ಖಾಲಿ. ಮೂರನೇ ವಾರದಿಂದ ಅರ್ಧ ಪುಟ ತುಂಬತೊಡಗಿತು.

ಊರಲ್ಲೂ ಇದು ಆಗುತ್ತೆ ನೋಡು. ಅಡಿಕೆ ಸುಲಿಯೋ ಮೆಟ್ಟುಗತ್ತಿ ಮೇಲೆ ಕೂತಾಗ ಕೈಗೆ ಕೆಲಸ, ತಲೆ ಖಾಲಿ. ಅಮ್ಮನಿಗೆ ಪಾಠ ಹೇಳು. ಅವರಿಗೆ ಅರ್ಥ ಆಗದಿದ್ದರೂ ನೀನು ಎಲ್ಲಿ ತಡವರಿಸುತ್ತೀಯ ಅಂತ ನಿನಗೇ ಗೊತ್ತಾಗುತ್ತೆ. ಬೆರಳು ಮಾತ್ರ ಹುಷಾರು.

ಕೆಂಪು ಪೆನ್ನು:

ಮೇಲಿನವರು ಹೇಳಿದ್ದು ಸರಿ. ನಾನು ಹಲವು ವರ್ಷ ಡಿಗ್ರಿ ಪೇಪರ್ ತಿದ್ದಿದವಳು, ಆ ಕಡೆಯಿಂದ ಒಂದು ಮಾತು ಹೇಳುತ್ತೇನಮ್ಮ.

ಅನಿಲಗಳ ಒತ್ತಡ, ಗಾತ್ರ, ಉಷ್ಣತೆಯ ಸಂಬಂಧ ಹೇಳುವ ವ್ಯಾನ್ ಡರ್ ವಾಲ್ಸ್ ಸಮೀಕರಣ ಕೊಟ್ಟರೆ ನೂರಕ್ಕೆ ತೊಂಬತ್ತು ಮಕ್ಕಳು ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಅದರಲ್ಲಿ ‘ಎ’ ಯಾಕೆ ಬಂತು, ‘ಬಿ’ ಯಾಕೆ ಬಂತು ಅಂತ ಎರಡು ಸಾಲು ಕೇಳಿದರೆ ಸುಮ್ನೆ ಪುಟ ತುಂಬಿಸುತ್ತಾರೆ. ಅಣುಗಳು ಒಂದನ್ನೊಂದು ಎಳೆಯುವುದರಿಂದ ಒತ್ತಡ ಕಡಿಮೆ ಕಾಣುತ್ತದೆ, ಅದಕ್ಕೆ ‘ಎ’. ಅಣುಗಳಿಗೂ ತಮ್ಮದೇ ಗಾತ್ರ ಇದೆ, ಅಷ್ಟು ಜಾಗ ಕಳೆಯಬೇಕು, ಅದಕ್ಕೆ ‘ಬಿ’. ಇಷ್ಟು ಬರೆದ ಪೇಪರ್ ಸಿಕ್ಕಿದರೆ ತಿದ್ದುವವರಿಗೆ ಕಾಫಿ ಕುಡಿದಷ್ಟು ಖುಷಿ. ಪಿಯುಸಿಯಲ್ಲಿ ‘ಏನು’ ಅನ್ನೋದಕ್ಕೆ ಅಂಕ ಬಂದುಬಿಡುತ್ತದೆ, ಡಿಗ್ರಿಯಲ್ಲಿ ‘ಯಾಕೆ’ ಅನ್ನೋದೂ ಬೇಕು.

ಭಾಷೆಯ ಬಗ್ಗೆ ನೀನು ಒಂದೇ ಸಾಲು ಬರೆದು ಬಿಟ್ಟೆ, ನನಗೆ ಅನ್ನಿಸುತ್ತೆ ಅರ್ಧ ತೊಂದರೆ ಅಲ್ಲೇ ಇದೆ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೋ. ನಾಚಿಕೆ ಬೇಡ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆದು ಅಭ್ಯಾಸ ಮಾಡು. ಆ 9 ಬಂದ ಪೇಪರ್ ತೆಗೆದುಕೊಂಡು ಮೇಷ್ಟರ ಹತ್ತಿರ ಹೋಗಿ "ಸಾರ್, ಈ ಉತ್ತರಕ್ಕೆ ಇನ್ನೂ ಏನು ಬೇಕಿತ್ತು?" ಅಂತ ಕೇಳು. "ಯಾಕೆ ಕಡಿಮೆ ಕೊಟ್ರಿ" ಅಂತ ಕೇಳಬೇಡ, ಅಲ್ಲಿಗೆ ಮಾತು ಕೆಡುತ್ತೆ.

ಲೆಕ್ಕದ ಶೆಟ್ರು:

ಎಲ್ಲ ಓದಿನ ಬಗ್ಗೆಯೇ ಹೇಳುತ್ತಿದ್ದೀರಿ, ಆ ಪ್ರಾಕ್ಟಿಕಲ್ ತಪ್ಪಿಸಿದ್ದರ ಬಗ್ಗೆ ಯಾರೂ ಬೈಯಲೇ ಇಲ್ಲ. ನಾನು ಬೈಯುತ್ತೇನೆ.

ಹಾಜರಿ 75% ಬೇಕು. ಥಿಯರಿಯಲ್ಲಿ 48 ಕ್ಲಾಸ್ ಇದ್ದರೆ 12 ತಪ್ಪಿದರೂ ನಡೆಯುತ್ತದೆ. ವಾರಕ್ಕೊಂದೇ ಬರುವ ಪ್ರಾಕ್ಟಿಕಲ್ ಒಂದು ಸೆಮ್‌ಗೆ 12 ಆದರೆ, ಮೂರು ತಪ್ಪಿದರೆ ಅಲ್ಲಿಗೆ ಅಂಚು. ನಿಮ್ಮದು ಎರಡು ಆಗಿದೆ. ಜ್ವರ ಬರೋಕೆ ಒಂದು ಉಳಿಸಿಕೊಳ್ಳಿ. ರೆಕಾರ್ಡ್ ಬುಕ್ ಆಯಾ ವಾರವೇ ಬರೆದು ಸಹಿ ಹಾಕಿಸಿ. ಕೊನೆಯ ವಾರ ಹನ್ನೆರಡು ಪ್ರಯೋಗ ಒಟ್ಟಿಗೆ ಬರೆದು ಕೈ ಊದಿಸಿಕೊಂಡ ಅನುಭವ ನನಗಿದೆ, ಅವತ್ತೇ ಕರೆಂಟ್ ಬೇರೆ ಇಲ್ಲ, ಹೊರಗೆ ಮಳೆ, ಮೇಣದ ಬತ್ತಿ ತೊಟ್ಟಿಕ್ಕಿ ಏಳನೇ ಪ್ರಯೋಗದ ಗ್ರಾಫೇ ಸುಟ್ಟುಹೋಯಿತು.

ಹಾಗಂತ ಪ್ರಾಕ್ಟಿಕಲ್ ಒಂದೇ ನಂಬಿಕೊಂಡು ಕೂರಬೇಡಿ. ಗ್ರೇಡ್ ಲೆಕ್ಕ ಹಾಕುವುದು ಕ್ರೆಡಿಟ್ ಮೇಲೆ, ಅಂದರೆ ಒಂದೊಂದು ಪೇಪರಿಗೆ ಇಟ್ಟಿರುವ ತೂಕದ ಮೇಲೆ. ನಾಲ್ಕು ಕ್ರೆಡಿಟ್ ಥಿಯರಿಯಲ್ಲಿ ಗ್ರೇಡ್ ಪಾಯಿಂಟ್ 6, ಎರಡು ಕ್ರೆಡಿಟ್ ಪ್ರಾಕ್ಟಿಕಲ್‌ನಲ್ಲಿ 10 ಬಂತು ಅಂತಿಟ್ಟುಕೊಳ್ಳಿ. ಸರಾಸರಿ 8 ಅಲ್ಲ. 24 ಮತ್ತು 20 ಸೇರಿ 44, ಆರರಿಂದ ಭಾಗಿಸಿದರೆ 7.33. ಜಾಸ್ತಿ ಕ್ರೆಡಿಟ್ ಇರುವ ಪೇಪರಿಗೆ ಜಾಸ್ತಿ ಹೊತ್ತು. ನಮ್ಮ ಕ್ಲಾಸಲ್ಲಿ ಸುಮಾರು ಜನರಿಗೆ ಇದು ಎರಡನೇ ವರ್ಷದಲ್ಲಿ ಗೊತ್ತಾಗಿದ್ದು.

ಮತ್ತೆ ಒಂದು ಇಂಟರ್ನಲ್‌ಗೆ ಇಷ್ಟು ಅಳಬೇಡಿ.

ಕೊಡಚಾದ್ರಿ ಬುಡದವಳು:

ಅಣ್ಣ, ಮೇಡಂ, ಶೆಟ್ರೇ, ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಮೇಷ್ಟರ ಹತ್ತಿರ ಹೋಗಿದ್ದೆ. ಸ್ಟಾಫ್ ರೂಮ್ ಬಾಗಿಲಲ್ಲಿ ಎರಡು ಸಲ ವಾಪಸ್ ಬಂದೆ, ಮೂರನೇ ಸಲ ಅವರೇ ನೋಡಿ ಕರೆದರು. ಒಂದು ಪ್ರಶ್ನೆಯಲ್ಲಿ ಪೂರ್ತಿ ಲೆಕ್ಕ ಸರಿ ಮಾಡಿ ಯೂನಿಟ್ಟೇ ಬರೆದಿರಲಿಲ್ಲ ಅಂತ ತೋರಿಸಿದರು. ಲೀಟರ್, ಅಷ್ಟೇ.

ಮನೆಗೆ ಫೋನ್ ಮಾಡಿ ಇನ್ನು ಶನಿವಾರ ಪ್ರಾಕ್ಟಿಕಲ್ ಮುಗಿಸಿಯೇ ಹೊರಡುತ್ತೇನೆ ಅಂದೆ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಶಕ್ತಿ ಯೋಜನೆಯ ಟಿಕೆಟ್ ಅದರಲ್ಲಿ ನಡೆಯಲ್ಲ, ವಾರ ವಾರ ಹೋಗಿ ಬರೋದಕ್ಕೆ ಎಷ್ಟು ಖರ್ಚಾಗುತ್ತೆ ಅಂತಲೂ ಲೆಕ್ಕ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಲಿಯೋ ಮೆಷಿನ್ ಬಾಡಿಗೆಗೆ ಕೇಳಿದೀನಿ" ಅಂದರು. ಮೊದಲೇ ಕೇಳಿದ್ದರಂತೆ. ನನಗೆ ಯಾಕೆ ಹೇಳಲಿಲ್ಲವೋ.

ಡೈರಿ ಇನ್ನೂ ಖಾಲಿಯೇ. ನಿನ್ನೆ ನಾಲ್ಕು ಸಾಲು ಬಂತು.

ಬಿಆರ್‌ಪಿ ಬಸ್ಸಿನವ:

ನಾಲ್ಕು ಸಾಲಾ! ನನಗೆ ಮೊದಲ ವಾರ ದಿನಾಂಕ ಬಿಟ್ಟು ಬೇರೆ ಏನೂ ಬಂದಿರಲಿಲ್ಲ.