ಇಟ್ಟಿಗೆ ಓಣಿಯ ಮೂಲದವರು

ಗುಂಡ ಲಂಡನ್ನಿಗೆ ಬಂದು ಮೂರು ವರ್ಷವಾಯಿತು. ಮೊನ್ನೆ ಭಾನುವಾರ ಬ್ರಿಕ್ ಲೇನಿನ ನೂಕುನುಗ್ಗಲಿನಲ್ಲಿ ನಡೆಯುತ್ತಾ, "ಈ ಜಾಗ ಮೊದಲಿನ ಹಾಗಿಲ್ಲ ಕಣ್ರೋ" ಎಂದು ನಿಟ್ಟುಸಿರು ಬಿಟ್ಟ.

"ಮೊದಲು ಅಂದರೆ ಯಾವಾಗ?" ಪದ್ದಿ ಕೇಳಿದಳು.

"ನಾನು ಬಂದಾಗ."

ಪದ್ದಿಗೆ ಅಷ್ಟು ಸಾಕಿತ್ತು. "ಲೋ, ಮೊದಲು ಇಲ್ಲಿ ಇಟ್ಟಿಗೆ, ಹೆಂಚು ಸುಡುತ್ತಿದ್ದರು. ಬ್ರಿಕ್ ಲೇನ್ ಅನ್ನೋ ಹೆಸರು ಬಂದದ್ದೇ ಅದರಿಂದ. ಗೂಡಿಗೆ ಬೆಂಕಿ ಹಾಕಿಸಲೇನು?"

"ಅಷ್ಟು ಹಿಂದೆ ಬೇಡ. ಇಲ್ಲಿನ ಮೂಲದವರು ಯಾರು, ಅದು ಹೇಳು."

ಪದ್ದಿ ಅವನ ತೋಳು ಹಿಡಿದು ಫೋರ್ನಿಯರ್ ಸ್ಟ್ರೀಟ್ ಮೂಲೆಗೆ ಎಳೆದಳು. ಅಲ್ಲೊಂದು ಹಳೇ ಇಟ್ಟಿಗೆ ಕಟ್ಟಡ. "ಇದನ್ನೇ ಕೇಳು. 1743ರಲ್ಲಿ ಫ್ರೆಂಚರ ಚರ್ಚು."

"ಫ್ರೆಂಚರಿಗೆ ಇಲ್ಲೇನು ಕೆಲಸ?"

"ಫ್ರಾನ್ಸಿನ ರಾಜ 14ನೇ ಲೂಯಿ 1685ರಲ್ಲಿ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆ ಕಿತ್ತುಕೊಂಡ. ಹ್ಯೂಗನಾಟರು, ಅಂದರೆ ಆ ಫ್ರೆಂಚ್ ಪ್ರಾಟೆಸ್ಟೆಂಟರು, ತಲೆ ಉಳಿಸಿಕೊಳ್ಳಲು ಓಡಿ ಬಂದರು. ರೆಫ್ಯೂಜಿ ಅನ್ನೋ ಮಾತು ಇಂಗ್ಲಿಷಿಗೆ ಬಂದದ್ದು ಅವರಿಂದಲೇ. ಬಹಳ ಜನ ರೇಷ್ಮೆ ನೇಯುವವರು. ಮೇಲೆ ನೋಡು, ಅಟ್ಟಕ್ಕೆಲ್ಲ ಎಷ್ಟು ದೊಡ್ಡ ಕಿಟಕಿ! ಮಗ್ಗಕ್ಕೆ ಬೆಳಕು ಬೇಕಿತ್ತಲ್ಲ."

ಈಗ ಆ ಮನೆಗಳ ಬೆಲೆ ಕೇಳಿದರೆ ಕಣ್ಣು ಕತ್ತಲಾಗುತ್ತದೆ. ಅದು ಬೇರೆ ಮಾತು.

"ಹಾಗಾದರೆ ಫ್ರೆಂಚರೇ ಮೂಲ" ಎಂದು ಗುಂಡ ತೀರ್ಪು ಕೊಟ್ಟ.

"ತಡಿಯೋ. 1819ರಲ್ಲಿ ಇದು ಮೆಥಡಿಸ್ಟರ ಚಾಪೆಲ್ ಆಯಿತು. 1898ರಲ್ಲಿ ಯಹೂದಿಗಳ ಸಿನಗಾಗ್. ರಷ್ಯಾದ ಚಕ್ರವರ್ತಿಯನ್ನು 1881ರಲ್ಲಿ ಕೊಂದರಲ್ಲ, ಆಮೇಲೆ ಅಲ್ಲಿ ಯಹೂದಿಗಳ ಮೇಲೆ ದಾಳಿ ಶುರುವಾಯಿತು. ಅವರೂ ಇಲ್ಲಿಗೇ ಬಂದರು. ಶನಿವಾರ ಅವರು ಅಂಗಡಿ ಮುಚ್ಚುತ್ತಿದ್ದರು, ಭಾನುವಾರ ತೆಗೆಯುತ್ತಿದ್ದರು. ನೀನು ಭಾನುವಾರ ಇಲ್ಲಿ ಚೌಕಾಸಿ ಮಾಡೋದು ಅವರ ದಯೆಯಿಂದ."

"ಈಗ?"

"1976ರಿಂದ ಮಸೀದಿ."

ಗುಂಡ ಬೆರಳು ಮಡಿಚಿ ಎಣಿಸಿದ. "ಒಂದೇ ಕಟ್ಟಡ, ನಾಲ್ಕು ಬೋರ್ಡು!"

ನಾನು ಗೋಡೆಯ ಮೇಲಿನ ನೆರಳುಗಡಿಯಾರ ತೋರಿಸಿದೆ. ಯಾರು ಬಂದರೂ ಅದನ್ನು ಕಿತ್ತಿಲ್ಲ. ಲ್ಯಾಟಿನ್‌ನಲ್ಲಿ 'ಉಂಬ್ರಾ ಸುಮುಸ್' ಎಂದಿದೆ, ನಾವು ನೆರಳು ಅಂತ.

"ಬಿಸಿಲೇ ಇಲ್ಲದ ಊರಲ್ಲಿ ನೆರಳುಗಡಿಯಾರ ಹಾಕಿದ್ದಾರಲ್ಲ, ಅವರ ಧೈರ್ಯ ಮೆಚ್ಚಬೇಕು" ಎಂದ ಗುಂಡ.

ಪದ್ದಿ ಕತೆ ಮುಂದುವರಿಸಿದಳು. ಈಗ ಇಲ್ಲಿ ಬೀದಿಯ ಹೆಸರುಗಳು ಬಂಗಾಳಿಯಲ್ಲೂ ಇವೆ. ಈಗಿನ ಬಾಂಗ್ಲಾದೇಶದ ಸಿಲ್ಹೆಟ್ಟಿನ ಕಡೆಯವರು ಮೊದಮೊದಲು ಹಡಗಿನಲ್ಲಿ ಕಲ್ಲಿದ್ದಲು ಹಾಕುವ ಕೆಲಸದಲ್ಲಿ ಬಂದರು. ಆಮೇಲೆ ಯಹೂದಿಗಳು ಬಿಟ್ಟುಹೋದ ಹೊಲಿಗೆ ಕೆಲಸ ಹಿಡಿದರು. ಸುಮ್ನೆ ಯಾರೂ ಜಾಗ ಕೊಡಲಿಲ್ಲ. 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ಬಂಗಾಳಿ ಯುವಕ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ. ದಾರಿಯಲ್ಲೇ ಕೊಂದರು. ಆತನ ಶವಪೆಟ್ಟಿಗೆಯ ಹಿಂದೆ ಸಾವಿರಾರು ಜನ ಪ್ರಧಾನಿ ಮನೆಯವರೆಗೆ ನಡೆದರು. ಹತ್ತಿರದ ಪಾರ್ಕಿಗೆ ಈಗ ಆತನದೇ ಹೆಸರು.

ಇದು ಹೇಳುವಾಗ ಪದ್ದಿಯ ದನಿ ತಗ್ಗಿತ್ತು. ಗುಂಡನೂ ಬಾಯಿ ಬಿಡಲಿಲ್ಲ. ಹಸಿವಾಗುವವರೆಗೆ.

ಉತ್ತರದ ತುದಿಯಲ್ಲಿ ಯಹೂದಿಗಳ ಕಾಲದ ತಿಂಡಿ ಇನ್ನೂ ಸಿಗುತ್ತದೆ. ನಡುವೆ ತೂತಿರುವ ಬ್ರೆಡ್ಡು. "ಬೇಗಲ್ ಅಲ್ವಾ?" ಎಂದೆ.

"ಇಲ್ಲಿನವರು ಬೈಗಲ್ ಅಂತಾರೆ" ಎಂದಳು ಪದ್ದಿ.

"ಬೈಗುಳಕ್ಕೂ ಕ್ಯೂ ನಿಲ್ಲಬೇಕಾ?" ಎನ್ನುತ್ತಲೇ ಗುಂಡ ಎಲ್ಲರಿಗಿಂತ ಮೊದಲು ಹೋಗಿ ನಿಂತ. ಐದು ನಿಮಿಷ ಕಳೆದು ಹಿಂತಿರುಗಿ ನೋಡಿದ. ಸಾಲು ಫುಟ್‌ಪಾತಿನುದ್ದಕ್ಕೂ ಬೆಳೆದಿತ್ತು.

"ನೋಡಿದ್ರಾ?" ಎಂದು ಮುಖ ಸಿಂಡರಿಸಿದ. "ನಾನು ಬಂದಾಗ ಇಲ್ಲಿ ಇಷ್ಟು ಜನ ಇರಲಿಲ್ಲ. ಎಲ್ಲಿಂದ ಬರ್ತಾರೋ!"